ಬೀಟ್ ಪೊಲೀಸ್ ಮನೆ ಹತ್ರ ಬಂದ್ರೆ ಗಾಬರಿ ಯಾಕೆ? ಠಾಣೆ ಹೆಂಗೆ ನಡೆಯತ್ತೆ, ಅದ್ರಲ್ಲಿ ನಾವೆಲ್ಲಿ ಬರ್ತೀವಿ

ಒಂದಿನ ಮಧ್ಯಾಹ್ನ ನಮ್ಮ ಗೇಟ್ ಮುಂದೆ ಒಬ್ರು ಕಾನ್‌ಸ್ಟೇಬಲ್ ಬೈಕ್ ನಿಲ್ಸಿದ್ರು. ನಮ್ಮಮ್ಮ ಕಿಟಕಿಯಿಂದ ನೋಡಿ, ಆಮೇಲೆ ನನ್ನ ಮುಖ ನೋಡಿದ್ರು, "ಏನ್ ಮಾಡ್ಕೊಂಡಿದೀಯೋ" ಅನ್ನೋ ಹಂಗೆ. ಅವರು ಕೇಳಿದ್ದು ಇಷ್ಟೇ: ಮನೇಲಿ ಎಷ್ಟು ಜನ, ವಯಸ್ಸಾದವ್ರು ಯಾರಾದ್ರೂ ಒಂಟಿಯಾಗಿ ಇರ್ತಾರಾ, ಮೇಲಿನ ಮನೆ ಬಾಡಿಗೆಯವ್ರು ಯಾವಾಗ ಬಂದ್ರು, ರಾತ್ರಿ ಹೊತ್ತು ಆ ಖಾಲಿ ಸೈಟಲ್ಲಿ ಯಾರಾದ್ರೂ ಕೂತಿರ್ತಾರಾ, ನಿಮ್ ನಂಬರ್ ಕೊಡಿ ಗ್ರೂಪಿಗೆ ಹಾಕ್ತೀನಿ. ಐದು ನಿಮಿಷ, ಹೋದ್ರು. ಅವರ ಬೈಕ್ ತಿರುವು ದಾಟೋಕೆ ಮುಂಚೆನೇ ಅಕ್ಕಪಕ್ಕದ ನಾಲ್ಕು ಮನೆಯವ್ರು ನಮ್ಮ ಗೇಟಿಗೆ ಬಂದಾಯ್ತು, ಏನಂತೆ ಏನಂತೆ ಅಂತ.

ಅವರು ಬಂದಿದ್ದು ಬೀಟ್ ಕೆಲಸಕ್ಕೆ, ಅಂದ್ರೆ ತಮಗೆ ಒಪ್ಪಿಸಿರೋ ಏರಿಯಾ ನೋಡ್ಕೊಳೋ ಕೆಲಸಕ್ಕೆ. ಆದ್ರೆ ಖಾಕಿ ಬಟ್ಟೆ ಮನೆ ಬಾಗಿಲಿಗೆ ಬಂದ್ರೆ ಮಾನ ಹೋಯ್ತು ಅಂತ ಅಂದ್ಕೊಳೋದು ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, "ಠಾಣೆ ಮೆಟ್ಟಿಲು ಹತ್ತಿದೋನಲ್ಲ ನಾನು" ಅನ್ನೋದನ್ನ ಜನ ಹೆಮ್ಮೆಯಿಂದ ಹೇಳ್ಕೋತಾರೆ. ಹತ್ತದೇ ಇರೋದು ಒಳ್ಳೇದೇ ಬಿಡಿ. ಆದ್ರೆ ಹತ್ತಬೇಕಾದ ದಿನ ಬಂದಾಗ ಒಳಗೆ ಯಾರು ಏನು ಅಂತ ಗೊತ್ತಿಲ್ದೆ ಬಾಗಿಲಲ್ಲೇ ನಿಂತ್ಕೊಂಡು, ಯಾರೋ "ನನಗೆ ಸಾಹೇಬ್ರು ಗೊತ್ತು" ಅನ್ನೋನ ಕೈಗೆ ಸಿಕ್ಕಾಕೊಳೋದಿದೆಯಲ್ಲ, ಅದು ತಪ್ಪಲಿ ಅಂತ ಇದನ್ನ ಬರೀತಿದೀನಿ.

ಮೊದ್ಲು ಒಳಗಡೆ ಯಾರ್ಯಾರು ಇರ್ತಾರೆ ಅಂತ ನೋಡೋಣ. ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ನಿಂತಿರೋರು ಸೆಂಟ್ರಿ, ಅವ್ರಿಗೆ ನಿಮ್ಮ ಕಥೆ ಹೇಳಿ ಪ್ರಯೋಜನ ಇಲ್ಲ. ಒಳಗೆ ಟೇಬಲ್ ಮುಂದೆ ದೊಡ್ಡ ಪುಸ್ತಕ ಇಟ್ಕೊಂಡು ಕೂತಿರೋರು ಆ ಹೊತ್ತಿನ ಠಾಣಾ ಉಸ್ತುವಾರಿ, ಸಾಮಾನ್ಯವಾಗಿ ಹೆಡ್ ಕಾನ್‌ಸ್ಟೇಬಲ್ ಅಥವಾ ಎಎಸ್‌ಐ. ಹಳಬರು ಹೆಡ್ ಕಾನ್‌ಸ್ಟೇಬಲ್‌ನ ಇವತ್ತಿಗೂ ದಫೇದಾರ್ರೇ ಅಂತಾನೇ ಕರೀತಾರೆ. ಆ ಪುಸ್ತಕ ಸ್ಟೇಷನ್ ಡೈರಿ, ಯಾರು ಬಂದ್ರು ಯಾರು ಹೋದ್ರು ಎಲ್ಲಾ ಅದ್ರಲ್ಲಿ ಬರುತ್ತೆ. ಎರಡು ಸ್ಟಾರ್ ಇರೋರು ಪಿಎಸ್‌ಐ, ಮೂರು ಸ್ಟಾರ್ ಇರೋರು ಇನ್ಸ್‌ಪೆಕ್ಟರ್. ಆದ್ರೆ ಠಾಣೆಲಿ ನಿಜವಾಗ್ಲೂ ಎಲ್ಲಾ ಗೊತ್ತಿರೋ ಮನುಷ್ಯ ಅಂದ್ರೆ ರೈಟರ್, ಠಾಣೆಯ ಕಾಗದಪತ್ರ ಬರೆಯೋ ಪೊಲೀಸ್. ಯಾವ ಫೈಲ್ ಎಲ್ಲಿದೆ, ಯಾವ ಕೇಸ್ ಚಾರ್ಜ್‌ಶೀಟ್ ಯಾವಾಗ ಹೋಗ್ಬೇಕು, ಕೋರ್ಟಿಗೆ ಏನ್ ಕಳಿಸ್ಬೇಕು ಎಲ್ಲಾ ಅವರ ತಲೇಲಿ ಇರುತ್ತೆ. ಸಾಹೇಬ್ರು ಬದಲಾಗ್ತಾರೆ, ರೈಟರ್ ಅಷ್ಟು ಬೇಗ ಬದಲಾಗಲ್ಲ.

ಇನ್ನು ಕೆಲಸ. ಸಿನಿಮಾದಲ್ಲಿ ತೋರ್ಸೋ ಹಂಗೆ ಕಳ್ಳನ ಹಿಂದೆ ಓಡೋದು ತೀರಾ ಕಮ್ಮಿ. ಸಮನ್ಸ್ ಕೊಡೋಕೆ ಊರೂರು ಅಲೆಯೋದು, ವಾರಂಟ್ ಜಾರಿ, ಆರೋಪಿನ ಕೋರ್ಟಿಗೆ ಕರ್ಕೊಂಡು ಹೋಗೋ ಎಸ್ಕಾರ್ಟ್, ಪಾಸ್‌ಪೋರ್ಟ್ ವೆರಿಫಿಕೇಶನ್, ಯಾರೋ ಬಾವಿಗೆ ಬಿದ್ರು ಅಂದ್ರೆ ಯುಡಿಆರ್ ಅಂದ್ರೆ ಅಸಹಜ ಸಾವಿನ ವರದಿ, ಶವದ ಜೊತೆ ಆಸ್ಪತ್ರೆ ಬಾಗಿಲಲ್ಲಿ ಕಾಯೋದು, ಮಂತ್ರಿ ಬಂದ್ರೆ ಬಂದೋಬಸ್ತ್, ಜಾತ್ರೆಗೆ ಬಂದೋಬಸ್ತ್, ಎಲೆಕ್ಷನ್‌ಗೆ ಬಂದೋಬಸ್ತ್. ಇಷ್ಟರ ಮಧ್ಯೆ ನಿಮ್ಮ ಕಳುವಾದ ಬೈಕ್ ಹುಡುಕ್ಬೇಕು. ಅವರ ಪರವಾಗಿ ವಕಾಲತ್ತು ಮಾಡ್ತಿಲ್ಲ ನಾನು, ಆದ್ರೆ ಠಾಣೆಗೆ ಜನರ ಸಹಾಯ ಯಾಕೆ ಬೇಕು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಇನ್ನರ್ಧ ಅಂದ್ರೆ ಮಾಹಿತಿ. ನಿಮ್ಮ ಬೀದಿಲಿ ರಾತ್ರಿ ಎರಡು ಗಂಟೆಗೆ ನಿಂತಿದ್ದ ಕಾರು ಯಾರದ್ದು ಅಂತ ಠಾಣೇಲಿ ಕೂತೋರಿಗೆ ಗೊತ್ತಾಗಲ್ಲ, ಹಾಲು ತರೋಕೆ ಐದು ಗಂಟೆಗೆ ಏಳೋ ಆಂಟಿಗೆ ಗೊತ್ತಿರತ್ತೆ.

ಈಗ ಜನ ಅತಿ ಹೆಚ್ಚು ಗೊಂದಲ ಮಾಡ್ಕೊಳೋ ವಿಷಯಕ್ಕೆ ಬರೋಣ, ಠಾಣೇಲಿ ಕೊಡೋ ಕಾಗದ. ನೀವು ದೂರು ಕೊಟ್ಟಾಗ ಕೈಗೆ ಬರೋದು ಒಂದೇ ಥರದ ಕಾಗದ ಅಲ್ಲ, ಮತ್ತೆ ಯಾವ ಕಾಗದ ಬಂತು ಅನ್ನೋದ್ರ ಮೇಲೆ ಮುಂದಿನ ದಾರಿನೇ ಬದಲಾಗುತ್ತೆ. ಕಾನೂನಲ್ಲಿ ಅಪರಾಧಗಳನ್ನ ಎರಡು ಗುಂಪು ಮಾಡಿದಾರೆ, ಸಂಜ್ಞೇಯ ಮತ್ತೆ ಅಸಂಜ್ಞೇಯ. ಸಂಜ್ಞೇಯ ಅಂದ್ರೆ ದರೋಡೆ, ಕೊಲೆ, ಅತ್ಯಾಚಾರ, ಮನೆಗಳ್ಳತನ ಇಂಥವು, ಇದಕ್ಕೆ ಪೊಲೀಸರು ಯಾರ ಅನುಮತಿಗೂ ಕಾಯದೆ ತನಿಖೆ ಶುರು ಮಾಡಬಹುದು, ಅದರ ಮೊದಲ ಕಾಗದನೇ ಎಫ್‌ಐಆರ್. ಅಸಂಜ್ಞೇಯ ಅಂದ್ರೆ ಸಣ್ಣಪುಟ್ಟವು, ಇದಕ್ಕೆ ಎನ್‌ಸಿಆರ್ ಅಂದ್ರೆ ಅಸಂಜ್ಞೇಯ ಅಪರಾಧದ ವರದಿ ಬರೀತಾರೆ, ಮ್ಯಾಜಿಸ್ಟ್ರೇಟ್ ಆದೇಶ ಇಲ್ದೆ ತನಿಖೆ ಮಾಡೋ ಹಂಗಿಲ್ಲ. ಇವೆರಡೂ ಅಲ್ದೆ ಮೂರನೇದೊಂದು ಇದೆ, ಅರ್ಜಿ ತಗೊಂಡು ವಿಚಾರಣೆ ಮಾಡಿ ಕೊನೆಗೆ ಹಿಂಬರಹ ಕೊಡೋದು, "ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳತಕ್ಕದ್ದು" ಅಂತ. ಸೈಟು ಜಗಳಕ್ಕೆ ಹೋದವ್ರಿಗೆಲ್ಲ ಈ ವಾಕ್ಯ ಬಾಯಿಪಾಠ ಆಗಿರತ್ತೆ.

ನನ್ನ ಸ್ನೇಹಿತನೊಬ್ಬ ಎನ್‌ಸಿಆರ್ ಕಾಗದನ ಎಫ್‌ಐಆರ್ ಅಂದ್ಕೊಂಡು ಮಡಚಿ ಬೀರುಲಿಟ್ಟು ಎಂಟು ತಿಂಗಳು ಕಾದ. ಸೀಲ್ ಇತ್ತು, ಸಹಿ ಇತ್ತು, ನಂಬರ್ ಇತ್ತು, ಇನ್ನೇನ್ ಬೇಕು ಅಂತ ಅವನ ವಾದ. ಕೇಸೇ ದಾಖಲಾಗಿರ್ಲಿಲ್ಲ. ಹಂಗಾಗಿ ಕಾಗದ ಕೈಗೆ ಬಂದ ತಕ್ಷಣ ತಲೆಬರಹ ಓದಿ, ಅಪರಾಧ ಸಂಖ್ಯೆ ಮತ್ತೆ ಕಲಂಗಳು ಇದೆಯಾ ನೋಡಿ.

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ, ಅಂದ್ರೆ ಅಪರಾಧ ಕೇಸು ಹೆಂಗೆ ನಡೀಬೇಕು ಅಂತ ಹೇಳೋ ಕಾನೂನು, ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಎಲ್ರೂ ಬಿಎನ್‌ಎಸ್‌ಎಸ್ ಅಂತಾರೆ. ಅದರ 173ನೇ ಕಲಂನಲ್ಲಿ ನಮಗೆ ಉಪಯೋಗ ಆಗೋದು ಒಂದಷ್ಟಿದೆ. ಘಟನೆ ಎಲ್ಲೇ ನಡೆದಿರ್ಲಿ, ಯಾವ ಠಾಣೇಲಾದ್ರೂ ದೂರು ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನೋದು, ಅವರು ದಾಖಲಿಸ್ಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸ್ಬೇಕು. "ಇದು ನಮ್ಮ ಲಿಮಿಟ್ ಅಲ್ಲ" ಅನ್ನೋ ಮಾತು ಇನ್ನು ನಡೆಯಲ್ಲ, ಅಂದ್ರೆ ಕಾನೂನಲ್ಲಿ ನಡೆಯಲ್ಲ, ಬಾಯಲ್ಲಿ ಇನ್ನೂ ಬರ್ತಾನೇ ಇರತ್ತೆ. ಎಲೆಕ್ಟ್ರಾನಿಕ್ ರೂಪದಲ್ಲೂ ಮಾಹಿತಿ ಕೊಡಬಹುದು, ಆದ್ರೆ 3 ದಿನದೊಳಗೆ ಹೋಗಿ ಸಹಿ ಹಾಕ್ಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡ್ಬೇಕು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆ ಇರೋ ಅಪರಾಧ ಆದ್ರೆ ಡಿವೈಎಸ್‌ಪಿ ಅನುಮತಿ ತಗೊಂಡು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ ಆಮೇಲೆ ತೀರ್ಮಾನ ಮಾಡೋ ಅವಕಾಶನೂ ಪೊಲೀಸರಿಗೆ ಇದೆ, ಇದು ಗೊತ್ತಿಲ್ದೆ ಜನ ಅಲ್ಲಿ ಜಗಳಕ್ಕೆ ನಿಲ್ತಾರೆ. ಸಂಜ್ಞೇಯ ಅಪರಾಧ ಅಂತ ಮೇಲ್ನೋಟಕ್ಕೆ ಕಾಣಿಸಿದ್ರೆ ಎಫ್‌ಐಆರ್ ಹಾಕ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೇಲಿ ತಗೊಳ್ಲಿಲ್ಲ ಅಂದ್ರೆ ದೂರನ್ನ ಬರೆದು ಅಂಚೇಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಿ. ಅಂಚೆ ರಸೀದಿ ಮಾತ್ರ ಎಸೀಬೇಡಿ.

ಒಂದು ವಿಚಿತ್ರ ಬದಲಾವಣೆ ಹೇಳ್ಬೇಕು. ಹೊಸ ಕಾನೂನಲ್ಲಿ 5,000 ರೂಪಾಯಿಗಿಂತ ಕಮ್ಮಿ ಬೆಲೆಯ ವಸ್ತು ಕಳುವಾದ್ರೆ ಅದು ಅಸಂಜ್ಞೇಯ. ಅಂದ್ರೆ ಸೈಕಲ್ ಹೋಯ್ತು, ಹಳೇ ಮೊಬೈಲ್ ಹೋಯ್ತು ಅಂತ ಹೋದ್ರೆ ಎನ್‌ಸಿಆರ್ ಸಿಗೋ ಸಾಧ್ಯತೆನೇ ಜಾಸ್ತಿ. ಕೂಲಿಗೆ ಹೋಗೋನಿಗೆ ಆ ಸೈಕಲ್ಲೇ ಜೀವನ, ಕಾನೂನಿಗೆ ಅದು ಸಣ್ಣ ವಿಷಯ. ನನಗಂತೂ ಇದು ಸರಿ ಅನ್ಸಲ್ಲ.

ಸರಿ, ಬೀಟ್‌ಗೆ ಬರೋಣ. ಬೀಟ್ ಅನ್ನೋ ಪದ ಹಳೇದು, ಠಾಣಾ ವ್ಯಾಪ್ತಿನ ತುಂಡು ತುಂಡು ಮಾಡಿ ಒಂದೊಂದು ತುಂಡಿಗೆ ಒಬ್ಬೊಬ್ಬರನ್ನ ಹಾಕೋದು. ಹಿಂದೆ ಅದು ಹೆಚ್ಚುಕಮ್ಮಿ ರಾತ್ರಿ ಗಸ್ತು ಆಗಿತ್ತು. ಬಸ್ ಸ್ಟ್ಯಾಂಡ್ ಹತ್ರ, ಬ್ಯಾಂಕ್ ಬಾಗಿಲಲ್ಲಿ, ದೇವಸ್ಥಾನದ ಗೋಡೇಲಿ ಒಂದು ಸಣ್ಣ ಡಬ್ಬ ನೇತು ಹಾಕಿರ್ತಿದ್ರು, ಅದರೊಳಗೆ ಪಾಯಿಂಟ್ ಪುಸ್ತಕ. ಬೀಟ್‌ನವ್ರು ರಾತ್ರಿ ಬಂದು ಟಾರ್ಚ್ ಬಾಯಲ್ಲಿ ಕಚ್ಕೊಂಡು ಆ ಪುಸ್ತಕದಲ್ಲಿ ಟೈಮ್ ಹಾಕಿ ಸಹಿ ಮಾಡಿ ಹೋಗ್ತಿದ್ರು. ಮಳೆಗಾಲದಲ್ಲಿ ಆ ಪುಸ್ತಕ ಉಬ್ಬಿ ಹಪ್ಪಳದ ಹಂಗಾಗಿರೋದನ್ನ ನಾನೇ ನೋಡಿದೀನಿ, ಎರಡು ಗಂಟೆ ಮತ್ತೆ ನಾಲ್ಕು ಗಂಟೆಯ ಸಹಿ ಎರಡೂ ಒಂದೇ ಇಂಕಲ್ಲಿ ಒಂದೇ ಓಟದಲ್ಲಿ ಇರೋದನ್ನೂ ನೋಡಿದೀನಿ. ಈಗ ಎಷ್ಟೋ ಕಡೆ ಡಬ್ಬದ ಜಾಗದಲ್ಲಿ ಕ್ಯುಆರ್ ಕೋಡ್ ಸ್ಟಿಕ್ಕರ್ ಬಂದಿದೆ, ಫೋನಲ್ಲಿ ಸ್ಕ್ಯಾನ್ ಮಾಡ್ಬೇಕು, ಆಗ ಮನುಷ್ಯ ಅಲ್ಲಿಗೆ ಬರ್ಲೇಬೇಕು.

2017ರಲ್ಲಿ ಕರ್ನಾಟಕದಲ್ಲಿ ಬೀಟ್ ವ್ಯವಸ್ಥೆನ ಹೊಸದಾಗಿ ತಂದ್ರು, ಆಗ ರೂಪಕ್ ಕುಮಾರ್ ದತ್ತಾ ಡಿಜಿಪಿ ಆಗಿದ್ರು. ಅದರ ತಿರುಳು ಏನಂದ್ರೆ, ಗಸ್ತು ಅಲ್ಲ, ಜವಾಬ್ದಾರಿ. ಒಂದು ಹಳ್ಳಿಗೋ ವಾರ್ಡಿಗೋ ಒಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್, ಅಲ್ಲಿಯ ಜನರನ್ನ ಸೇರಿಸಿ ಒಂದು ನಾಗರಿಕ ಸಮಿತಿ, ಆ ಊರಿನ ವಿಷಯ ಏನಿದ್ರೂ ಮೊದ್ಲು ಅವರಿಗೆ ಗೊತ್ತಿರ್ಬೇಕು. ಕೇಳೋಕೆ ಸಣ್ಣದು ಅನ್ಸತ್ತೆ, ಆದ್ರೆ ಸಾಹೇಬ್ರ ಮುಂದೆ ಸೆಲ್ಯೂಟ್ ಹೊಡ್ಯೋದೇ ಕೆಲಸ ಅಂತಿದ್ದ ಕಾನ್‌ಸ್ಟೇಬಲ್‌ಗೆ "ಈ ಏರಿಯಾ ನಿಂದು" ಅಂತ ಕೊಡೋದು ಸಣ್ಣ ವಿಷಯ ಅಲ್ಲ. ಆಮೇಲೆ 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಬಂತು, ಮನೆಗಳನ್ನ ಗುಂಪು ಮಾಡಿ ಬೀಟ್ ಸಿಬ್ಬಂದಿನೇ ಬಾಗಿಲಿಗೆ ಹೋಗೋದು. ಊರು ಊರಿಗೂ ಇದರ ಓಟ ಬೇರೆ ಬೇರೆ. ಒಂದು ಕಡೆ ಬೀಟ್‌ನವ್ರ ಹೆಸ್ರು ಮಕ್ಕಳಿಗೂ ಗೊತ್ತು, ಇನ್ನೊಂದು ಕಡೆ ಠಾಣೆ ಗೋಡೆ ಮೇಲಿನ ಬೋರ್ಡಲ್ಲಿ ವರ್ಗ ಆಗಿ ಹೋದವ್ರ ನಂಬರ್ ಇನ್ನೂ ಹಾಗೇ ಇರತ್ತೆ.

ಹಿಂದೆ ಇರ್ಲಿಲ್ವಾ ಇದೆಲ್ಲ ಅಂತ ಕೇಳ್ತಾರೆ ಹಿರಿಯರು. ಇತ್ತು, ಪಟೇಲ್ರು, ತಳವಾರ, ತೋಟಿ. ಊರಿಗೆ ಹೊಸಬ ಬಂದ್ರೆ ತಳವಾರನಿಗೆ ಗೊತ್ತಾಗ್ದೆ ಇರ್ತಿರ್ಲಿಲ್ಲ. ಆದ್ರೆ ಅದು ವಂಶಪಾರಂಪರ್ಯ, ಜಾತಿ ನೋಡಿ ಕೊಟ್ಟ ಕೆಲಸ, ಮೇಲಿನೋರು ಹೇಳಿದ್ದೇ ನ್ಯಾಯ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಅದಕ್ಕೆ ತೆರೆ ಎಳೆದ್ರು, ಎಳೆದಿದ್ದೇ ಒಳ್ಳೇದಾಯ್ತು. ಹಳೇ ಕಾಲದ ನೆನಪಲ್ಲಿ ಇದನ್ನ ಮತ್ತೆ ತರ್ಬೇಕು ಅನ್ನೋರಿಗೆ ಆ ಕಾಲದಲ್ಲಿ ಕಂಬಕ್ಕೆ ಕಟ್ಟಿಸ್ಕೊಂಡವ್ರು ಯಾರು ಅಂತ ಒಂದ್ಸಲ ಕೇಳ್ಬೇಕು.

ಸಮಿತಿ, ಗ್ರೂಪು ಇವೆಲ್ಲ ಬರೋಕೆ ಮುಂಚೆಯಿಂದ್ಲೂ ಕಾನೂನಲ್ಲೇ ಜನರಿಗೆ ಒಂದು ಜಾಗ ಇದೆ, ಅದನ್ನ ಯಾರೂ ಸಹಭಾಗಿತ್ವ ಅಂತ ಕರಿಯಲ್ಲ ಅಷ್ಟೇ. ಪಂಚರು, ಅಂದ್ರೆ ಪೊಲೀಸರ ಜೊತೆ ನಿಂತು ನೋಡಿ ಸಹಿ ಹಾಕೋ ಸಾಕ್ಷಿಗಳು. ಮನೆ ಶೋಧ ಮಾಡುವಾಗ, ವಸ್ತು ವಶಪಡಿಸ್ಕೊಳೋವಾಗ ಏನೇನು ಸಿಕ್ತು ಅಂತ ಅಲ್ಲೇ ಮಹಜರು ಬರೀತಾರಲ್ಲ, ಶೋಧಕ್ಕೆ ಆ ಜಾಗದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ ಗೌರವಸ್ಥ ನಿವಾಸಿಗಳು ಇರ್ಬೇಕು ಅಂತ ಕಾನೂನು. ಪೊಲೀಸರು ಹೇಳಿದ್ದೇ ನಿಜ ಅಂತ ಕೋರ್ಟ್ ಸುಮ್ನೆ ನಂಬಲ್ಲ, ಬೀದಿಯವ್ರು ಕಣ್ಣಾರೆ ನೋಡಿದಾರಾ ಅಂತ ಕೇಳತ್ತೆ. ಆದ್ರೆ ನಾವು ಏನ್ ಮಾಡ್ತೀವಿ, "ಸಾರ್ ನಮಗೆ ಬೇಡ, ಕೋರ್ಟು ಅಲೆಯೋಕಾಗಲ್ಲ" ಅಂತ ಬಾಗಿಲು ಹಾಕ್ಕೋತೀವಿ. ಲಿಖಿತವಾಗಿ ಕರೆದ್ಮೇಲೂ ಸರಿಯಾದ ಕಾರಣ ಇಲ್ದೆ ನಿರಾಕರಿಸಿದ್ರೆ ಅದೇ ಒಂದು ಅಪರಾಧ ಅಂತ ಎಷ್ಟು ಜನಕ್ಕೆ ಗೊತ್ತು? ಯಾರೂ ಬರಲ್ಲ ಅಂದಾಗ ಠಾಣೆ ಮುಂದಿನ ಟೀ ಅಂಗಡಿಯವನೋ, ಕರೆದಾಗೆಲ್ಲ ಬರೋ ಪರಿಚಯದವನೋ ಪಂಚ ಆಗ್ತಾನೆ, ಕೋರ್ಟಲ್ಲಿ ಎದುರು ವಕೀಲರು "ಎಷ್ಟು ಕೇಸಲ್ಲಿ ಸಹಿ ಹಾಕಿದೀಯಪ್ಪ" ಅಂತ ಒಂದೇ ಪ್ರಶ್ನೆ ಕೇಳ್ತಾರೆ, ಅಲ್ಲಿಗೆ ಕೇಸು ಕುಂಟೋಕೆ ಶುರು. ಈಗ ಶೋಧ ಮತ್ತೆ ವಶಪಡಿಸ್ಕೊಳೋದನ್ನ ಆಡಿಯೋ ವಿಡಿಯೋ ಮಾಡ್ಲೇಬೇಕು ಅಂತ ಬಿಎನ್‌ಎಸ್‌ಎಸ್ 105ನೇ ಕಲಂ ಹೇಳತ್ತೆ, ಒಳ್ಳೇದೇ, ಆದ್ರೂ ಮನುಷ್ಯ ಸಾಕ್ಷಿ ಜಾಗಕ್ಕೆ ಫೋನ್ ಪೂರ್ತಿ ಬರಲ್ಲ.

ಇನ್ನೊಂದು ಹತ್ತಿರದಿಂದ ನೋಡಿರೋದು ಶಾಂತಿ ಸಭೆ. ಗಣೇಶನ ಹಬ್ಬ, ಈದ್ ಮಿಲಾದ್ ಹತ್ರ ಹತ್ರ ಬಂದ್ರೆ ಸಾಕು ಠಾಣೇಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ತಾರೆ. ಮೊದಲ ಅರ್ಧ ಗಂಟೆ ಎಲ್ರೂ "ನಮ್ಮೂರು ಶಾಂತಿಗೆ ಹೆಸರುವಾಸಿ, ಎಲ್ರೂ ಅಣ್ಣತಮ್ಮಂದಿರ ಹಂಗಿದೀವಿ" ಅಂತ ಭಾಷಣ ಮಾಡ್ತಾರೆ, ಅದು ಇರ್ಲಿ, ಅದು ಶಾಸ್ತ್ರ. ನಿಜವಾದ ಕೆಲಸ ಆಮೇಲೆ ಟೀ ಬಂದ್ಮೇಲೆ. ಮೆರವಣಿಗೆ ಯಾವ ರಸ್ತೇಲಿ, ಮಸೀದಿ ಮುಂದೆ ಎಷ್ಟು ಹೊತ್ತಿಗೆ ದಾಟತ್ತೆ, ಅಲ್ಲಿ ಡಿಜೆ ನಿಲ್ಸ್ತೀರಾ, ನಿಲ್ಸೋ ಹುಡುಗ ಯಾರು, ಅವನ ನಂಬರ್ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕೋ ಹಂಗಿಲ್ಲ ಅನ್ನೋದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ಅದು ಎಲ್ರಿಗೂ ಗೊತ್ತು, ಆದ್ರೆ ಹತ್ತು ಗಂಟೆಗೆ ಪ್ಲಗ್ ಕೀಳೋನು ಯಾರು ಅನ್ನೋದೇ ಪ್ರಶ್ನೆ. ಒಂದು ಸಭೇಲಿ ಪಿಎಸ್‌ಐ ಒಬ್ರು ಎರಡೂ ಕಡೆಯ ಐದೈದು ಹುಡುಗರ ಹೆಸ್ರು ಬರ್ಕೊಂಡು, ಇವರೇ ಸ್ವಯಂಸೇವಕರು, ಇವರಿಗೆ ಟೋಪಿ ಮತ್ತೆ ಸೀಟಿ ಕೊಡ್ತೀವಿ ಅಂದ್ರು. ಅದ್ರಲ್ಲಿ ಮೂರು ಜನ ಹಿಂದಿನ ವರ್ಷ ಗಲಾಟೆ ಮಾಡಿದವ್ರೇ. ಸೀಟಿ ಸಿಕ್ಕ ಮೇಲೆ ಅವ್ರೇ ಬೇರೆಯವ್ರನ್ನ ಹಿಂದಕ್ಕೆ ತಳ್ತಿದ್ರು ನೋಡ್ಬೇಕಿತ್ತು.

ಸಂಘ ಸಂಸ್ಥೆಗಳ ಜೊತೆ ಸೇರಿ ನಡೆಯೋದೂ ಇದೆ. ಬೆಂಗಳೂರಲ್ಲಿ ಹಿರಿಯರ ಸಹಾಯವಾಣಿ 1090ನ ನಗರ ಪೊಲೀಸರು ಮತ್ತೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ್ರು. ಮಗ ಆಸ್ತಿ ಬರೆಸ್ಕೊಂಡು ಹೊರಗೆ ಹಾಕಿದ ಅನ್ನೋ ದೂರನ್ನ ಕಾನ್‌ಸ್ಟೇಬಲ್ ಲಾಠಿ ಹಿಡ್ಕೊಂಡು ಬಗೆಹರಿಸೋಕಾಗಲ್ಲ, ಕೌನ್ಸೆಲಿಂಗ್ ಮಾಡೋರು ಬೇಕು, ಹಿಂದೆ ಪೊಲೀಸ್ ಹೆಸ್ರೂ ಇರ್ಬೇಕು, ಆಗ ಮಗ ಬರ್ತಾನೆ. ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇದೆ, 2010ರಲ್ಲಿ ಕೇರಳದಲ್ಲಿ ಶುರುವಾಗಿ 2018ರಲ್ಲಿ ದೇಶಕ್ಕೆಲ್ಲ ಬಂತು. ಕೇರಳದ್ದೇ ಜನಮೈತ್ರಿ, ತಮಿಳುನಾಡಿನ ಫ್ರೆಂಡ್ಸ್ ಆಫ್ ಪೊಲೀಸ್, ಜನರನ್ನ ಪೊಲೀಸ್ ಕೆಲಸಕ್ಕೆ ಸೇರಿಸ್ಕೊಳೋ ಈ ಯೋಜನೆಗಳೆಲ್ಲ ನಮಗಿಂತ ಮುಂಚಿನವು. ಕ್ರಿಕೆಟ್ ಟೂರ್ನಮೆಂಟ್, ಮ್ಯಾರಥಾನ್, ಬ್ಯಾನರ್ ಹಿಡ್ಕೊಂಡು ಫೋಟೋ, ಇವನ್ನ ನಾನು ಲೆಕ್ಕಕ್ಕೆ ತಗೊಳಲ್ಲ.

ಹಳಸೋದು ಎಲ್ಲಿ ಅಂದ್ರೆ ಸಮಿತಿ ಮಾಡುವಾಗ. ಸಾಹೇಬ್ರು "ನಾಲ್ಕು ಜನ ಒಳ್ಳೆಯವ್ರನ್ನ ಕರೀರಿ" ಅಂತಾರೆ, ಬರೋದು ಬಿಳಿ ಶರ್ಟಿನ ಅದೇ ಮುಖಂಡರು. ಬಾಡಿಗೆಗೆ ಇರೋ ಕೂಲಿಯವ್ರು, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ದಲಿತ ಕಾಲೋನಿಯವ್ರು, ಹೊರ ರಾಜ್ಯದಿಂದ ಬಂದ ಕೆಲಸದವ್ರು ಅಲ್ಲಿ ಇರಲ್ಲ, ಅಪರಾಧ ಜಾಸ್ತಿ ಆಗೋದು ಮಾತ್ರ ಅವರ ಮೇಲೇ. ದಲಿತರ ಕುಂದುಕೊರತೆ ಸಭೆ ಅಂತ ಬೇರೆ ಮಾಡೋದು ಯಾಕೆ ಅಂತ ಕೆಲವರು ಮೂಗು ಮುರೀತಾರೆ, ಯಾಕೆ ಅಂದ್ರೆ ಇದಕ್ಕೇ. ಆಮೇಲೆ ಸಮಿತಿ ಸದಸ್ಯ ಅನ್ನೋ ಐಡಿ ಕಾರ್ಡು ಸಿಕ್ಕಿದ್ರೆ ಕೆಲವರಿಗೆ ತಲೆಗೇರತ್ತೆ. ಪಾರ್ಕಲ್ಲಿ ಕೂತ ಹುಡುಗ ಹುಡುಗಿ ಹತ್ರ ಆಧಾರ್ ಕೇಳ್ತಾರೆ, ಠಾಣೇಲಿ ರಾಜಿ ಪಂಚಾಯ್ತಿ ಮಾಡಿಸಿ ಪರ್ಸೆಂಟೇಜ್ ತಗೋತಾರೆ. ನೆನಪಿರ್ಲಿ, ಬೀಟ್ ಸಮಿತಿ ಸದಸ್ಯನಿಗೆ ಪೊಲೀಸ್ ಅಧಿಕಾರ ಒಂದು ಗುಲಗಂಜಿಯಷ್ಟೂ ಇಲ್ಲ. ಸಾಮಾನ್ಯ ಪ್ರಜೆ ಯಾರನ್ನಾದ್ರೂ ಹಿಡೀಬಹುದಾದ್ರೆ ಅದು ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವನನ್ನ, ಇಲ್ಲ ಕೋರ್ಟ್ ಘೋಷಿತ ಅಪರಾಧಿ ಅಂತ ಸಾರಿದವನನ್ನ, ಹಿಡಿದ್ರೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸ್ಬೇಕು. ಮಕ್ಕಳ ಕಳ್ಳ ಅಂತ ಗ್ರೂಪಲ್ಲಿ ಫೋಟೋ ಫಾರ್ವರ್ಡ್ ಮಾಡಿ ಮನುಷ್ಯನನ್ನ ಹೊಡೆಯೋದು ಸಹಕಾರ ಅಲ್ಲ, ಅದೇ ಅಪರಾಧ, ಅವನು ಸತ್ರೆ ಕೊಲೆ ಕೇಸು.

ಇನ್ನು ಸ್ವಲ್ಪ ಬಿಡಿ ಬಿಡಿಯಾಗಿ. ಸಾಕ್ಷಿ ಹೇಳಿಕೆಗೆ ಠಾಣೆಗೆ ಬನ್ನಿ ಅಂತ ಹೆಂಗಸರನ್ನ, 60 ದಾಟಿದ ಗಂಡಸರನ್ನ, 15ರೊಳಗಿನ ಹುಡುಗರನ್ನ ಬಲವಂತ ಮಾಡೋ ಹಂಗಿಲ್ಲ, ಅವರೇ ಮನೆಗೆ ಬರ್ಬೇಕು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸ್ಬೇಕು, ತಿಳಿಸ್ದಿದ್ರೆ ಹೋಗಿ ಕೇಳಿ. ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್ ಎಲ್ಲಾ ಕಡೆ ಸಿಸಿ ಕ್ಯಾಮೆರಾ ಇರ್ಬೇಕು, ರೆಕಾರ್ಡಿಂಗ್ 18 ತಿಂಗಳು ಉಳೀಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಒಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ದೃಶ್ಯ ಕೇಳೋಕೆ ಮರೀಬೇಡಿ. ತುರ್ತಿಗೆ 112, ಆನ್‌ಲೈನಲ್ಲಿ ದುಡ್ಡು ಹೋಯ್ತು ಅಂದ್ರೆ ಠಾಣೆಗೆ ಓಡೋಕೆ ಮುಂಚೆ 1930, ಅಲ್ಲಿ ಒಂದೊಂದು ನಿಮಿಷನೂ ಲೆಕ್ಕ, ದುಡ್ಡು ಇನ್ನೊಂದು ಖಾತೆಗೆ ಹಾರೋಕೆ ಮುಂಚೆ ತಡೀಬೇಕು.

ನಮ್ಮ ಬೀಟ್‌ಗೆ ಬಂದಿದ್ದ ಕಾನ್‌ಸ್ಟೇಬಲ್‌ಗೆ ವರ್ಗ ಆಯ್ತು. ಗ್ರೂಪು ಹಾಗೇ ಇದೆ, ಅದ್ರಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ರೆ ಎರಡು ತಿಂಗಳು ಬೇರೇನೂ ಇರ್ಲಿಲ್ಲ. ಮೊನ್ನೆ ಹೊಸಬ್ರು ಬಂದ್ರು, ಮಹಿಳಾ ಕಾನ್‌ಸ್ಟೇಬಲ್, ಮತ್ತೆ ಮೊದಲಿಂದ ಅವೇ ಪ್ರಶ್ನೆ. ಈ ಸಲ ನಮ್ಮಮ್ಮ ಕಿಟಕಿಯಿಂದ ನೋಡ್ಲಿಲ್ಲ, ಗೇಟ್ ತೆಗ್ದು "ಬಾಮ್ಮ ನೀರು ಕುಡಿ, ಬಿಸಿಲಲ್ಲಿ ಬಂದಿದೀಯ" ಅಂದ್ರು, ಅವ್ರು ಪುಸ್ತಕ ತೆಗಿಯೋಕೆ ಮುಂಚೆನೇ ಮೂಲೆ ಮನೆ ಅಜ್ಜಿ ಒಬ್ರೇ ಇರ್ತಾರೆ ಅದನ್ನ ಮೊದ್ಲು ಬರ್ಕೋ ಅಂದ್ರು. ಆಮೇಲೆ ಬೀದಿ ದೀಪದ ವಿಷಯ ತೆಗೆದ್ರು. ಅದು ನಮ್ಮ ಇಲಾಖೆದಲ್ಲಮ್ಮ ಅಂತ ಅವ್ರು ನಕ್ರು, ಆದ್ರೂ ಕಂಬದ ನಂಬರ್ ಬರ್ಕೊಂಡ್ರು.